ಸ್ಲೇಟ್ ಯಾವುದು, ರೋಸ್ ಯಾವುದು

ಜೆಸಿಬಿಗೂ ನಮ್ಮ ಹೊಟ್ಟೆಪಾಡಿಗೂ ಹತ್ತಿರದ ನಂಟು. ರಸ್ತೆ ಬದಿಯಲ್ಲಿ ಜೆಸಿಬಿ ಅಗೆಯುತ್ತದೆ, ಕೇಬಲ್ ಹರಿಯುತ್ತದೆ, ನಮಗೆ ಫೋನ್ ಬರುತ್ತದೆ. ನಾನು ಫೈಬರ್ ಸ್ಪ್ಲೈಸಿಂಗ್ ಮಾಡುವವನು. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ. ಐದು ವರ್ಷದಿಂದ ಬೆಂಗಳೂರಿನ ಸುತ್ತಮುತ್ತ ಇದನ್ನೇ ಮಾಡುತ್ತಿದ್ದೇನೆ.

ಈ ಕೆಲಸದ ಬಾಲಪಾಠ ಬಣ್ಣ. ಒಂದು ಟ್ಯೂಬಿನೊಳಗೆ 12 ಎಳೆ, 12 ಬಣ್ಣ. ಬ್ಲೂ, ಆರೆಂಜ್, ಗ್ರೀನ್, ಬ್ರೌನ್, ಸ್ಲೇಟ್, ವೈಟ್, ರೆಡ್, ಬ್ಲ್ಯಾಕ್, ಯೆಲ್ಲೋ, ವಯೊಲೆಟ್, ರೋಸ್, ಆಕ್ವಾ. ಸ್ಲೇಟ್ ಅಂದರೆ ಬೂದಿ, ರೋಸ್ ಅಂದರೆ ತಿಳಿ ಗುಲಾಬಿ, ಆಕ್ವಾ ಅಂದರೆ ನೀಲಿ ಬೆರೆತ ಹಸಿರು. ಈ ಸಾಲು ನಮಗೆ ಮಗ್ಗಿ ಇದ್ದ ಹಾಗೆ. ಈ ಕಡೆಯ ಬ್ಲೂಗೆ ಆ ಕಡೆಯ ಬ್ಲೂ, ಇಲ್ಲಿಯ ರೋಸ್‌ಗೆ ಅಲ್ಲಿಯ ರೋಸ್. ಅಷ್ಟೇ.

ನನಗೆ ಮಗ್ಗಿ ಚೆನ್ನಾಗಿ ಬರುತ್ತಿತ್ತು. ಬಣ್ಣ ಬರುತ್ತಿರಲಿಲ್ಲ.

ಇದು ನನಗೆ ಗೊತ್ತಿತ್ತಾ ಅಂದರೆ, ಅರ್ಧ ಗೊತ್ತಿತ್ತು. ನನ್ನ ಜೊತೆ ಒಬ್ಬ ಹುಡುಗ ಇರುತ್ತಿದ್ದ. ಎಳೆ ಬಿಡಿಸಿ ಕೊಡುವುದು ಅವನ ಕೆಲಸ. "ಬಣ್ಣ ಹೇಳ್ತಾ ಕೊಡೋ" ಅಂತ ನಾನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿದ್ದೆ. ಅವನು "ಸ್ಲೇಟ್ ಅಣ್ಣಾ" ಅಂತ ಕೊಡುತ್ತಿದ್ದ, ನಾನು ಮೆಷಿನ್‌ಗೆ ಇಡುತ್ತಿದ್ದೆ. ಹೀಗೆ ಮಾಡಿದರೆ ತಪ್ಪಾಗುವುದಿಲ್ಲ ಅಂತ ಎಲ್ಲರಿಗೂ ಉಪದೇಶ ಬೇರೆ ಮಾಡುತ್ತಿದ್ದೆ. ಯಾಕೆ ಹಾಗೆ ಮಾಡಿಸುತ್ತಿದ್ದೇನೆ ಅಂತ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

ಒಂದು ರಾತ್ರಿ ಆ ಹುಡುಗ ರಜೆಯಲ್ಲಿದ್ದ. ನೆಲಮಂಗಲದ ಆಚೆ ಕೇಬಲ್ ಹರಿದಿತ್ತು. 24 ಎಳೆಯ ಕೇಬಲ್. ಹೆಡ್‌ಲ್ಯಾಂಪ್ ಹಾಕಿಕೊಂಡು ಒಬ್ಬನೇ ಕೂತು ಮೂರು ಗಂಟೆಗೆ ಮುಗಿಸಿದೆ. ಎಳೆಯಲ್ಲಿ ಬೆಳಕು ಎಲ್ಲಿ ಸೋರುತ್ತದೆ ಅಂತ ಗೆರೆ ಎಳೆದು ತೋರಿಸುವ ಓಟಿಡಿಆರ್ ಯಂತ್ರ ಹಾಕಿ ನೋಡಿದರೆ ಗೆರೆ ನುಣ್ಣಗಿದೆ, ಎಲ್ಲೂ ಲಾಸ್ ಇಲ್ಲ. ಖುಷಿಯಾಗಿ ಟೀ ಕುಡಿದು ಮಲಗಿದೆ. ಬೆಳಿಗ್ಗೆ ಸೂಪರ್‌ವೈಸರ್ ಫೋನ್. ಎರಡು ಆಫೀಸಿನ ಲೈನ್ ಅದಲುಬದಲಾಗಿದೆ.

"ಸ್ಲೇಟ್‌ಗೆ ರೋಸ್ ಹಾಕಿದ್ದೀಯಲ್ಲ ಮಾರಾಯ, ನಿದ್ದೆ ಮಾಡ್ತಿದ್ಯಾ?"

ಬೆಸುಗೆ ಒಳ್ಳೆಯದಾಗಿತ್ತು. ಬೆಸೆದಿದ್ದು ತಪ್ಪು ಎಳೆಯನ್ನು. ಓಟಿಡಿಆರ್‌ಗೆ ಬಣ್ಣ ಗೊತ್ತಿಲ್ಲ. ಆ ವಿಷಯದಲ್ಲಿ ಅದೂ ನಾನೂ ಒಂದೇ.

ಜಾಯಿಂಟ್ ಬಾಕ್ಸ್ ಮತ್ತೆ ತೆರೆದೆವು. ಅವರು ಎರಡು ಎಳೆ ಹಿಡಿದು ತೋರಿಸಿದರು. "ಇದು ಯಾವುದು? ಇದು ಯಾವುದು?" ಹಗಲು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ಸ್ವಲ್ಪ ತಿಳಿ ಅನ್ನಿಸಿತು. ಊಹೆ ಮಾಡಿದೆ. ಊಹೆ ಸರಿಯಾಯಿತು, ಆದರೆ ನಾನು ತಡವರಿಸಿದ್ದನ್ನು ಅವರು ನೋಡಿಬಿಟ್ಟರು. ಬೈಯಲಿಲ್ಲ. "ಕಣ್ಣು ತೋರಿಸ್ಕೊಂಡು ಬಾ. ಕಾಗದ ತಗೊಂಡು ಬಾ" ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ನೀವು ಕೇಳಬಹುದು, ಕೆಲಸಕ್ಕೆ ಸೇರುವಾಗ ಕಣ್ಣು ನೋಡಲಿಲ್ಲವಾ ಅಂತ. ನೋಡಿದ್ದರು. ಒಂದು ಕ್ಲಿನಿಕ್‌ನಲ್ಲಿ ಚುಕ್ಕಿ ಚುಕ್ಕಿ ಪುಸ್ತಕ ತೆರೆದು ಮೊದಲ ಪುಟ ತೋರಿಸಿದರು. "ಎಷ್ಟು?" "ಹನ್ನೆರಡು." "ಸರಿ, ಹೋಗಿ." ಫಾರ್ಮಿನಲ್ಲಿ ಬಣ್ಣದ ದೃಷ್ಟಿ ಸರಿಯಿದೆ ಅಂತ ಬರೆದರು. ಆ 12 ಎಲ್ಲರಿಗೂ ಕಾಣುತ್ತದೆ ಅಂತ ನನಗೆ ಗೊತ್ತಾಗಿದ್ದು ಐದು ವರ್ಷ ಆದಮೇಲೆ. ಅದು ಪರೀಕ್ಷೆಯ ಪುಟವೇ ಅಲ್ಲ. ಪರೀಕ್ಷೆ ಹೇಗೆ ಅಂತ ತೋರಿಸಿಕೊಡುವ ಪುಟ. ಸುಳ್ಳು ಹೇಳುವವರನ್ನು ಹಿಡಿಯುವುದಕ್ಕೂ ಆಗುತ್ತದೆ. ಅದೂ ಕಾಣುವುದಿಲ್ಲ ಅಂದರೆ ಒಂದೋ ಕಣ್ಣೇ ಮಂಜು, ಇಲ್ಲಾ ಆಸಾಮಿ ನಾಟಕ ಮಾಡುತ್ತಿದ್ದಾನೆ.

ಈ ಸಲ ನಾನೂ ತಯಾರಿ ಮಾಡಿಕೊಂಡೇ ಹೋದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಫೋನಿನಲ್ಲಿ ಹುಡುಕಿ ಉತ್ತರ ಬಾಯಿಪಾಠ ಮಾಡಿದೆ. 12, 8, 6, 29, 57, 5, 3, 15, 74. ಬಸ್ಸಿನಲ್ಲಿ ಕೂತು ಇದನ್ನೇ ಜಪ ಮಾಡಿದೆ.

ಗೆಳೆಯನೊಬ್ಬ ಹೇಳಿದ ಕಣ್ಣಾಸ್ಪತ್ರೆಗೆ ಹೋದೆ. ಅಲ್ಲಿ ಕಣ್ಣಿನ ಪರೀಕ್ಷೆ ಕಲಿಸುವ ಕೋರ್ಸೂ ಇದೆ. ಬಣ್ಣದ ದೃಷ್ಟಿ ಅಳೆಯುವುದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ನನ್ನನ್ನು ಕೂರಿಸಿಕೊಂಡರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ಬಾಯಲ್ಲಿ ಮೇಡಂ ಅಂತಲೇ ಬಂತು.

ಪುಸ್ತಕ ತೆಗೆಯುವ ಮೊದಲು ಬೇರೆ ಪ್ರಶ್ನೆಗಳೇ ಜಾಸ್ತಿ. ಸಕ್ಕರೆ ಕಾಯಿಲೆ ಇದೆಯಾ? ಟಿಬಿಗೆ ಮಾತ್ರೆ ತಗೊಂಡಿದ್ದೀರಾ? ನನಗೆ ಆಶ್ಚರ್ಯ. ಬಣ್ಣಕ್ಕೂ ಟಿಬಿಗೂ ಏನು ಸಂಬಂಧ? ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಅನ್ನುವ ಮಾತ್ರೆ ಕೆಲವರಲ್ಲಿ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದಂತೆ. ಆಗ ಕೆಂಪು–ಹಸಿರು ಗುರುತಿಸುವುದು ಕಷ್ಟವಾಗುತ್ತದೆ. ಹುಟ್ಟಿನಿಂದ ಬಂದ ದೋಷ ಎರಡೂ ಕಣ್ಣಲ್ಲಿ ಒಂದೇ ಥರ ಇರುತ್ತದೆ, ವರ್ಷ ಕಳೆದರೂ ಬದಲಾಗುವುದಿಲ್ಲ. ಆಮೇಲೆ ಬಂದದ್ದು ಒಂದು ಕಣ್ಣಲ್ಲಿ ಜಾಸ್ತಿ ಇರಬಹುದು, ಬೆಳೆಯಲೂಬಹುದು. ಅದಕ್ಕೇ ಒಂದೊಂದು ಕಣ್ಣು ಮುಚ್ಚಿಸಿ ಬೇರೆ ಬೇರೆ ನೋಡುತ್ತಾರೆ.

ಟ್ಯೂಬ್‌ಲೈಟ್ ಆರಿಸಿ ಬೇರೆ ದೀಪ ಹಾಕಿದರು. ಹಗಲು ಬೆಳಕಿನ ಹಾಗೆ ಇರುವ ದೀಪ. ಹಳದಿ ಬಲ್ಬಿನ ಕೆಳಗೆ ಈ ಪರೀಕ್ಷೆ ಮಾಡಿದರೆ ಫೇಲ್ ಆಗಬೇಕಾದವನು ಪಾಸಾಗಿಬಿಡಬಹುದಂತೆ. ಫೋನಿನಲ್ಲಿ ನೋಡಿಕೊಳ್ಳುವುದೂ ಅಷ್ಟೇ, ಒಂದೊಂದು ಸ್ಕ್ರೀನಿನಲ್ಲಿ ಬಣ್ಣ ಒಂದೊಂದು ಥರ. ಪುಸ್ತಕವನ್ನು ಕಣ್ಣಿನಿಂದ 75 ಸೆಂಟಿಮೀಟರ್ ದೂರ ಹಿಡಿದರು. ಪುಟಕ್ಕೆ ಕೈ ತಾಗಿಸಬೇಡಿ, ಬೆರಳಿನ ಎಣ್ಣೆಗೆ ಬಣ್ಣ ಹಾಳಾಗುತ್ತದೆ ಅಂದರು. ಒಂದು ಪುಟಕ್ಕೆ ಮೂರು ಸೆಕೆಂಡು.

ಮೊದಲ ಪುಟ, 12. ಆಯಿತು. ನಾನು 8 ಅನ್ನಲು ಬಾಯಿ ತೆರೆದು ಕಾದಿದ್ದೆ. ಅವರು ಎರಡನೇ ಪುಟ ತಿರುಗಿಸಲೇ ಇಲ್ಲ. ಪುಸ್ತಕದ ಮಧ್ಯಕ್ಕೆ ಹೋಗಿಬಿಟ್ಟರು.

ನನ್ನ ಜಪವೆಲ್ಲ ನೀರುಪಾಲು. ಒಂದು ಪುಟದಲ್ಲಿ 21 ಕಂಡಿತು, 21 ಅಂದೆ. ಇನ್ನೊಂದರಲ್ಲಿ 70. ಇನ್ನೊಂದರಲ್ಲಿ 3. ಬಾಯಿಪಾಠದಲ್ಲಿ 70 ಇರಲೇ ಇಲ್ಲ! ಆಮೇಲೆ ಲೆಕ್ಕ ಹೊಂದಿಸಿ ನೋಡಿದೆ. ಉಳಿದವರಿಗೆ 74 ಕಾಣುವ ಕಡೆ ನನಗೆ 21, ಅವರ 29 ನನಗೆ 70, ಅವರ 8 ನನಗೆ 3. ಕೆಲವು ಪುಟದಲ್ಲಿ ಬರೀ ಚುಕ್ಕಿ, ರಾಗಿ ಚೆಲ್ಲಿದ ಹಾಗೆ.

ಆಮೇಲೆ ಒಂದು ಪುಟ ಬಂತು. ಕೇಳುವ ಮೊದಲೇ "45" ಅಂದೆ. ಮುಂದಿನದು, "73". ಅಂತೂ ಒಂದೆರಡು ಸಲೀಸಾಗಿ ಬಂತಲ್ಲ ಅಂತ ಬೆನ್ನು ನೆಟ್ಟಗಾಯಿತು. ಅವರು ನಕ್ಕರು.

"ಈ ಪುಟದಲ್ಲಿ ನನಗೆ ಏನೂ ಕಾಣಲ್ಲ" ಅಂದರು.

ನಾನು ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಆ ಪುಟಗಳಲ್ಲಿ ಕೆಂಪು ಹಸಿರು ಚುಕ್ಕಿಗಳನ್ನು ಬೇಕಂತಲೇ ಕಲಸಿ ಹಾಕಿರುತ್ತಾರೆ. ಆ ಬಣ್ಣದ ಗಲಾಟೆಯಲ್ಲಿ ಎಲ್ಲ ಬಣ್ಣ ಕಾಣುವವರಿಗೆ ಅಂಕಿ ಕಳೆದುಹೋಗುತ್ತದೆ. ನನ್ನಂಥವನಿಗೆ ಆ ಗಲಾಟೆ ಕೇಳಿಸುವುದೇ ಇಲ್ಲ. ಅದಕ್ಕೇ ಹಿಂದೆ ಅಡಗಿದ್ದ ಅಂಕಿ ಎದ್ದು ಕಾಣುತ್ತದೆ. ಐದು ವರ್ಷ ಬೇರೆಯವರ ಬಾಯಿಂದ ಬಣ್ಣ ಕೇಳಿಕೊಂಡು ಬದುಕಿದವನಿಗೆ ಆ ಎರಡು ಪುಟ ಬಿಟ್ಟುಕೊಡಲು ಮನಸ್ಸೇ ಬರಲಿಲ್ಲ. ಇನ್ನೊಂದು ಸಲ ತಿರುಗಿಸಿ ನೋಡಿದೆ.

ಈ ಪುಸ್ತಕ ಮಾಡಿದವರು ಜಪಾನಿನ ಶಿನೊಬು ಇಶಿಹಾರ. ಸೈನ್ಯದಲ್ಲಿದ್ದ ಕಣ್ಣಿನ ವೈದ್ಯರು. 1917ರಲ್ಲಿ ಮೊದಲು ಅಚ್ಚಾಯಿತು. ದೊಡ್ಡ ಪುಸ್ತಕದಲ್ಲಿ 38 ಪುಟ. ಕೊನೆಯ ಪುಟಗಳಲ್ಲಿ ಅಂಕಿಯೇ ಇಲ್ಲ, ಹಾವಿನ ಹಾಗೆ ಹೋಗುವ ದಾರಿ ಮಾತ್ರ. ಓದಲು ಬಾರದವರು ಕುಂಚದಲ್ಲಿ ಆ ದಾರಿ ಹಿಡಿದು ಹೋಗಬೇಕು. 26 ಅಂತ ಬರೆದ ಒಂದು ಪುಟ ಇದೆ. ಅದರಲ್ಲಿ ಕೆಲವರಿಗೆ 6 ಮಾತ್ರ ಕಾಣುತ್ತದೆ, ಕೆಲವರಿಗೆ 2 ಮಾತ್ರ. ನನಗೆ 2 ಚೆನ್ನಾಗಿ ಕಂಡಿತು, 6 ಇದ್ದೂ ಇಲ್ಲದ ಹಾಗೆ. ಅಂದರೆ ತೊಂದರೆ ಹಸಿರಿನ ಕಡೆಯದು.

"ಫೇಲಾ ಮೇಡಂ?"

"ಈ ಪುಸ್ತಕದಲ್ಲಿ ಫೇಲ್. ಆದ್ರೆ ಇದು ದೋಷ ಇದೆಯಾ ಇಲ್ವಾ ಅಂತ ಹೇಳುತ್ತೆ. ಎಷ್ಟಿದೆ ಅಂತ ಸರಿಯಾಗಿ ಹೇಳಲ್ಲ. ಇನ್ನೂ ಎರಡು ಮಾಡೋಣ."

ಮುಂದಿನದು ಒಂದು ಉದ್ದನೆಯ ಪೆಟ್ಟಿಗೆ. ಒಳಗೆ ಬಾಟಲಿ ಮುಚ್ಚಳದಂಥ ಬಿಲ್ಲೆಗಳು. ಮೊದಲನೆಯದು ಅಂಟಿಸಿದೆ, ಉಳಿದ 15 ಬಿಡಿ. ಡಿ-15 ಅಂತ ಹೆಸರು, ಫಾರ್ನ್ಸ್‌ವರ್ತ್ ಅನ್ನುವವರು ಮಾಡಿದ್ದು. ಅಂಟಿಸಿದ ಬಿಲ್ಲೆಗೆ ಹತ್ತಿರದ ಬಣ್ಣ ಯಾವುದೋ ಅದನ್ನು ಪಕ್ಕದಲ್ಲಿಡಬೇಕು. ಅದಕ್ಕೆ ಹತ್ತಿರದ್ದು ಅದರ ಪಕ್ಕ. ಹೀಗೆ ಕೊನೆಯವರೆಗೆ. ಇಲ್ಲಿ ಬಾಯಿಪಾಠಕ್ಕೆ ಜಾಗವೇ ಇಲ್ಲ.

ನನಗೆ ಇದು ಇಷ್ಟವಾಯಿತು. ಯಾವ ಬಣ್ಣ ಅಂತ ಯಾರೂ ಕೇಳುವುದಿಲ್ಲ. ಹೆಸರಿನ ಕಾಟ ಇಲ್ಲ. ಇಟ್ಟು ಮುಗಿಸಿದ ಮೇಲೆ ಮುಚ್ಚಳ ಹಾಕಿ ಪೆಟ್ಟಿಗೆ ತಲೆಕೆಳಗು ಮಾಡಿದರು. ಬಿಲ್ಲೆಗಳ ಕೆಳಗೆ ನಂಬರ್. ಚಕ್ರದ ಹಾಗೆ ಚುಕ್ಕಿ ಇರುವ ಹಾಳೆಯ ಮೇಲೆ ನಾನಿಟ್ಟ ಕ್ರಮದಲ್ಲಿ ಗೆರೆ ಎಳೆದರು. ದೋಷ ಜಾಸ್ತಿ ಇದ್ದವರ ಗೆರೆ ಚಕ್ರದ ಆ ಕಡೆಯಿಂದ ಈ ಕಡೆಗೆ ಅಡ್ಡಡ್ಡ ಓಡುತ್ತದಂತೆ. ನನ್ನದು ಅಂಚು ಹಿಡಿದೇ ಸುತ್ತು ಬಂತು. ಬಲಗಣ್ಣಿನಲ್ಲಿ ಅಕ್ಕಪಕ್ಕದ ಎರಡು ಬಿಲ್ಲೆ ಅದಲುಬದಲು, ಅದನ್ನು ತಪ್ಪು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಸ್.

ನನಗೆ ತಲೆ ಕೆಟ್ಟಿತು. ಅರ್ಧ ಗಂಟೆ ಹಿಂದೆ ಫೇಲ್, ಈಗ ಪಾಸ್. ಯಾವುದು ನಿಜ? ಎರಡೂ ನಿಜ ಅಂದರು. ಪುಸ್ತಕದ ಜಾಲರಿ ಬಲು ಸಣ್ಣ, ಸ್ವಲ್ಪ ದೋಷ ಇದ್ದರೂ ಸಿಕ್ಕಿಬೀಳುತ್ತಾರೆ. ಈ ಪೆಟ್ಟಿಗೆಯ ಜಾಲರಿ ದೊಡ್ಡದು, ಜೋರು ದೋಷ ಇದ್ದವರು ಮಾತ್ರ ಸಿಗುತ್ತಾರೆ. ಅದರಲ್ಲಿ ಫೇಲ್ ಆಗಿ ಇದರಲ್ಲಿ ಪಾಸಾದರೆ ದೋಷ ಇದೆ, ಆದರೆ ಸೌಮ್ಯ ಇಲ್ಲವೇ ಮಧ್ಯಮ. ಇದು ಸುಮ್ನೆ ಮಾತಿನ ಭೇದ ಅಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಡ್ರೈವಿಂಗ್ ಲೈಸೆನ್ಸ್ ಫಾರ್ಮಿನ ನಿಯಮ ಬದಲಿಸಿ, ಸೌಮ್ಯ ಮತ್ತು ಮಧ್ಯಮ ದೋಷ ಇರುವವರಿಗೆ ಲೈಸೆನ್ಸ್ ಕೊಡಬಹುದು ಅಂದಿತು. ಈಗ ಎಷ್ಟಿದೆ ಅಂತ ಅಳೆಯಲೇಬೇಕು. ಬರೀ ಚುಕ್ಕಿ ಪುಸ್ತಕ ನೋಡಿ ವಾಪಸ್ ಕಳಿಸಿದರೆ ಸಾಲದು.

ಮೂರನೆಯ ಪರೀಕ್ಷೆಯ ಯಂತ್ರ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಹೆಸರು ಅನೊಮಲೋಸ್ಕೋಪ್. ನೇಗೆಲ್ ಅನ್ನುವ ಜರ್ಮನಿಯವರು 1907ರಲ್ಲಿ ರೂಪಿಸಿದ್ದು. ಅದರ ಹಿಂದಿನ ತತ್ವ 1881ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲಿ ಕಂಡುಕೊಂಡಿದ್ದು. ಕೊಳವೆಯೊಳಗೆ ಕಣ್ಣಿಟ್ಟರೆ ಒಂದು ಸಣ್ಣ ವೃತ್ತ, ಎರಡು ಹೋಳು. ಕೆಳಗಿನ ಹೋಳಿನಲ್ಲಿ ಅಪ್ಪಟ ಹಳದಿ ಬೆಳಕು. ಮೇಲಿನ ಹೋಳಿನಲ್ಲಿ ಕೆಂಪು ಹಸಿರು ಬೆರೆಸಿದ ಬೆಳಕು. ಒಂದು ಗುಂಡಿ ತಿರುಗಿಸಿದರೆ ಬೆರಕೆ ಬದಲಾಗುತ್ತದೆ, ಇನ್ನೊಂದು ತಿರುಗಿಸಿದರೆ ಹಳದಿಯ ಪ್ರಖರತೆ. ಎರಡು ಹೋಳೂ ಒಂದೇ ಆಗಿ, ನಡುವಿನ ಗೆರೆ ಮಾಯವಾಗಬೇಕು. ಅಷ್ಟೇ ಕೆಲಸ.

ಫೈಬರ್ ಕೆಲಸದವನಿಗೆ ಎರಡು ತುದಿ ಹೊಂದಿಸುವುದು ಹೊಸದೇನಲ್ಲ. ತಿರುಗಿಸುತ್ತಾ ಹೋದೆ. ಗೆರೆ ಮಾಯವಾಯಿತು. ಮೇಡಂ ಅಂಕಿ ಬರೆದುಕೊಂಡರು. ಅವರೇ ಒಂದೊಂದು ಕಡೆ ಇಟ್ಟು, "ಇದು ಒಂದೇನಾ? ಇದು?" ಅಂತ ಕೇಳುತ್ತಾ ಹೋದರು. ಇಪ್ಪತ್ತು ನಿಮಿಷ ಆಯಿತು. ಕಣ್ಣು ಉರಿಯಿತು.

ಆ ಅಳತೆಪಟ್ಟಿ 0ಯಿಂದ 73ರವರೆಗೆ. 0 ಅಂದರೆ ಬರೀ ಹಸಿರು, 73 ಅಂದರೆ ಬರೀ ಕೆಂಪು. ಬಣ್ಣದ ದೃಷ್ಟಿ ಸರಿಯಿರುವವರು 40ರ ಆಸುಪಾಸಿನ ಚಿಕ್ಕ ಜಾಗದಲ್ಲಿ ಮಾತ್ರ ಎರಡೂ ಒಂದೇ ಅನ್ನುತ್ತಾರೆ. ನಾನು 12ರಿಂದ 30ರವರೆಗೆ ಎಲ್ಲಿಟ್ಟರೂ ಒಂದೇ ಅಂದಿದ್ದೆ. ಅಂದರೆ ಹಳದಿಗೆ ಹೊಂದಿಸಲು ನನಗೆ ಹಸಿರು ಜಾಸ್ತಿ ಬೇಕು. ಕೆಂಪಿನ ಕಡೆಯ ದೋಷ ಇದ್ದವರು 40 ದಾಟಿ ಕೆಂಪು ಜಾಸ್ತಿ ಕೇಳುತ್ತಾರೆ. ಪೂರ್ತಿ ದೋಷ ಇದ್ದವರಿಗೆ 0 ಆದರೂ ಸರಿ, 73 ಆದರೂ ಸರಿ.

ಮೇಡಂಗೆ ಕುತೂಹಲ. ನಾನಿಟ್ಟ ಹೊಂದಿಕೆಯನ್ನೇ ತಾವೂ ನೋಡುತ್ತೇನೆ ಅಂದರು. ಕಣ್ಣಿಟ್ಟವರು, "ಅಯ್ಯೋ, ಮೇಲಿನದು ಹಸಿರು" ಅಂದರು. ಅವರೇ ತಿರುಗಿಸಿ ಹೊಂದಿಸಿದಾಗ 42ಕ್ಕೆ ಬಂತು. ನಾನು ನೋಡಿದೆ. ಕಿತ್ತಳೆ ಬಣ್ಣಕ್ಕೆ ತಿರುಗಿದ ಹಾಗಿತ್ತು. ಒಂದೇ ಕೊಳವೆ, ಒಂದೇ ದೀಪ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಾಗದದಲ್ಲಿ ಡ್ಯೂಟರಾನೊಮಲಿ, ಮಧ್ಯಮ ಅಂತ ಬರೆದರು. ಬಣ್ಣ ನೋಡುವುದಕ್ಕೆ ಕಣ್ಣಿನ ಹಿಂಭಾಗದಲ್ಲಿ ಮೂರು ಬಗೆಯ ಕೋನ್ ಕೋಶಗಳಿರುತ್ತವೆ. ನನ್ನಲ್ಲಿ ಹಸಿರಿನದ್ದು ತನ್ನ ಜಾಗ ಬಿಟ್ಟು ಕೆಂಪಿನದರ ಹತ್ತಿರ ಸರಿದು ಕೂತಿದೆ. ಇಬ್ಬರೂ ಹೆಚ್ಚುಕಮ್ಮಿ ಒಂದೇ ಸುದ್ದಿ ಹೇಳಿದರೆ ವ್ಯತ್ಯಾಸ ಗೊತ್ತಾಗುವುದು ಹೇಗೆ?

ನಾನು ಜೇಬಿನಿಂದ 12 ಎಳೆಯ ತುಂಡು ತೆಗೆದು ಮೇಜಿನ ಮೇಲೆ ಹರಡಿದೆ. ಬೇಕಾಗಬಹುದು ಅಂತ ತಂದಿದ್ದೆ. ಆ ದಿನದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಇದೊಂದೇ. ಸಂಶೋಧನೆಯ ಹುಡುಗಿಯಲ್ಲವೇ, ಕಣ್ಣರಳಿಸಿಬಿಟ್ಟರು. ಒಂದೊಂದು ಜೋಡಿ ಹಿಡಿದು ಕೇಳುತ್ತಾ ಹೋದರು. ಬ್ಲೂ–ವಯೊಲೆಟ್ ಕಷ್ಟ. ಗ್ರೀನ್–ಬ್ರೌನ್ ರಾತ್ರಿ ಕಷ್ಟ. ಸ್ಲೇಟ್, ರೋಸ್, ಆಕ್ವಾ ಮೂರೂ ಸೇರಿದರೆ ದೇವರೇ ಗತಿ. ನನ್ನ ಥರದ ಕಣ್ಣಿಗೆ ನೀಲಿ ಬೆರೆತ ಹಸಿರೂ ತಿಳಿ ಗುಲಾಬಿಯೂ ಬೂದಿಯ ಕಡೆಗೇ ವಾಲುತ್ತವಂತೆ. ಉಳಿದ ಐದು ಬಣ್ಣ, ಅಂದರೆ ಆರೆಂಜ್, ವೈಟ್, ರೆಡ್, ಬ್ಲ್ಯಾಕ್, ಯೆಲ್ಲೋ, ಯಾವ ಬೆಳಕಲ್ಲೂ ತಪ್ಪಲಿಲ್ಲ. ಇಷ್ಟು ದಿನ ನನಗೆ ಬಣ್ಣವೇ ಬರುವುದಿಲ್ಲ ಅಂತ ಒಳಗೊಳಗೇ ಹೆದರಿಕೊಂಡಿದ್ದೆ. ಈಗ ಕೈಯಲ್ಲಿ ಲೆಕ್ಕ ಇತ್ತು. ಹನ್ನೆರಡರಲ್ಲಿ ಏಳು, ಅದರಲ್ಲೂ ಗಟ್ಟಿ ತೊಂದರೆ ಮೂರು.

ನಾವು ಎಳೆ ಪತ್ತೆ ಮಾಡಲು ಕೆಂಪು ಲೇಸರ್ ಪೆನ್ ಬಳಸುತ್ತೇವೆ. ಒಂದು ತುದಿಯಲ್ಲಿ ಬಿಟ್ಟರೆ ಇನ್ನೊಂದು ತುದಿಯಲ್ಲಿ ಕೆಂಪು ಚುಕ್ಕಿ ಮಿನುಗುತ್ತದೆ. ಅದರ ಬಗ್ಗೆ ಕೇಳಿದೆ. ನಿಮಗೆ ಅದು ಚೆನ್ನಾಗೇ ಕಾಣುತ್ತದೆ, ಕೆಂಪಿನ ದೋಷ ಇದ್ದಿದ್ದರೆ ಮಂಕಾಗಿ ಕಾಣುತ್ತಿತ್ತು ಅಂದರು. ಅಷ್ಟರಮಟ್ಟಿಗೆ ಅದೃಷ್ಟ.

ಬಣ್ಣದ ಕನ್ನಡಕ ಹಾಕಿದರೆ ಸರಿಹೋಗುತ್ತಾ ಅಂತಲೂ ಕೇಳಿದೆ. ಜಾಹೀರಾತಿನಲ್ಲಿ ಹಾಕಿಕೊಂಡವರು ಅಳುತ್ತಾರಲ್ಲ! ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಅದು ಹೆಚ್ಚಿಸಬಹುದು, ಬೇರೆ ಕೆಲವನ್ನು ಕೆಡಿಸಲೂಬಹುದು, ಇಲ್ಲದ ಶಕ್ತಿ ತಂದುಕೊಡುವುದಿಲ್ಲ ಅಂದರು. 2009ರಲ್ಲಿ ಅಮೆರಿಕದಲ್ಲಿ ಸ್ಕ್ವಿರಲ್ ಮಂಗಗಳ ಕಣ್ಣಿಗೆ ಜೀನ್ ಸೇರಿಸಿ ಕೆಂಪು–ಹಸಿರು ಬೇರೆ ಮಾಡುವ ಹಾಗೆ ಮಾಡಿದ್ದಾರೆ. ಒಂದು ಮಂಗದ ಹೆಸರು ಡಾಲ್ಟನ್. ಪರಮಾಣು ವಿಚಾರದಲ್ಲಿ ಓದಿರುತ್ತೀರಲ್ಲ, ಅದೇ ಜಾನ್ ಡಾಲ್ಟನ್ ಹೆಸರು. ಅವರಿಗೂ ನನ್ನ ಹಾಗೆ ಹಸಿರಿನ ಕಡೆಯ ದೋಷವೇ, ಇನ್ನೂ ಜೋರಾಗಿ. 1794ರಲ್ಲಿ ತಮ್ಮ ಕಣ್ಣಿನ ಬಗ್ಗೆ ತಾವೇ ಪ್ರಬಂಧ ಓದಿದರು. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಅನ್ನುವುದು ಅವರ ಗುಮಾನಿ. ಸತ್ತ ಮೇಲೆ ಕಣ್ಣು ತೆಗೆದು ನೋಡಿ ಅಂದಿದ್ದರು. 1844ರಲ್ಲಿ ನೋಡಿದರೆ ನೀಲಿ ಇರಲಿಲ್ಲ. ಎತ್ತಿಟ್ಟಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷೆ ಮಾಡಿ 1995ರಲ್ಲಿ ನಿಜ ಹೇಳಿದರು. ಅವರ ಅಣ್ಣನಿಗೂ ಹೀಗೇ ಕಾಣುತ್ತಿತ್ತಂತೆ.

"ನಿಮ್ಮ ಮನೇಲಿ ಯಾರಿಗಾದ್ರೂ ಇದೆಯಾ? ತಾಯಿ ಕಡೆ ಅಜ್ಜ?"

ಇದು X ಕ್ರೋಮೋಸೋಮಿನಲ್ಲಿ ಬರುವುದು. ಗಂಡುಮಕ್ಕಳಿಗೆ ಅದು ತಾಯಿಯಿಂದಲೇ ಸಿಗುತ್ತದೆ. ತಾಯಿಗೆ ಇನ್ನೊಂದು X ಇರುವುದರಿಂದ ಅವಳಿಗೆ ಏನೂ ಗೊತ್ತಾಗದೆ ದಾಟಿಬಿಡುತ್ತದೆ. ನನ್ನ ಮಗನಿಗೆ ನನ್ನಿಂದ ಬರುವುದಿಲ್ಲ. ಮಗಳು ಮಾತ್ರ ಹೊತ್ತುಕೊಂಡಿರುತ್ತಾಳೆ, ಅವಳ ಗಂಡುಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ. ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ. "ಹಂಗಾದ್ರೆ ಮದುವೆ ಸೀರೆ ಚೆನ್ನಾಗಿದೆ ಅಂದಿದ್ದು ಸುಳ್ಳಾ?"

ಸೂಪರ್‌ವೈಸರ್ ಕಾಗದ ಓದಿದರು. ಕೆಲಸ ಹೋಗುತ್ತದೆ ಅಂತ ನಾನು ಎದುರಿಗೆ ನಿಂತಿದ್ದೆ. ಅವರು ಮಧ್ಯಮ ಅನ್ನುವ ಪದದ ಮೇಲೆ ಬೆರಳಿಟ್ಟು, "ಅಂದ್ರೆ ಎಷ್ಟು ತಪ್ಪುತ್ತೆ?" ಅಂದರು. ಲೆಕ್ಕ ಹೇಳಿದೆ. ಸ್ಲೇಟ್, ರೋಸ್, ಆಕ್ವಾ ಎಳೆಗಳಿಗೆ ಮೊದಲೇ ನಂಬರ್ ಟೇಪ್ ಸುತ್ತುವುದು, ಬಾಕ್ಸ್ ಮುಚ್ಚುವ ಮೊದಲು ಲೇಸರ್ ಬಿಟ್ಟು ನೋಡುವುದು, ರಾತ್ರಿ ಒಬ್ಬನೇ ಹೋಗುವ ಹಾಗಿಲ್ಲ. ಇಷ್ಟಕ್ಕೆ ಒಪ್ಪಿದರು. ಹುಡುಗನಿಗೆ ನಿಜ ಹೇಳಿದೆ. "ಗೊತ್ತಿತ್ತಣ್ಣಾ" ಅಂದ.

ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ನಮ್ಮದು ಮೂಡಿಗೆರೆ ಕಡೆ. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಚಿಕ್ಕವನಿದ್ದಾಗ ನನ್ನನ್ನು ಕಾಫಿ ಕೊಯ್ಯಲು ಬಿಡುತ್ತಿರಲಿಲ್ಲ. ಹಣ್ಣಿನ ಜೊತೆ ಹಸಿರುಕಾಯಿಯನ್ನೂ ಕಿತ್ತು ತುಂಬುತ್ತೇನೆ ಅಂತ. ಸೋಮಾರಿ, ನೋಡಿ ಕೀಳುವುದಿಲ್ಲ ಅಂತ ಬೈಸಿಕೊಂಡಿದ್ದೇನೆ. ಅಮ್ಮನಿಗೆ ಕಾಗದದ ವಿಷಯ ಹೇಳಿ, ಅಜ್ಜನಿಗೂ ಹೀಗೇ ಇತ್ತಾ ಅಂತ ಕೇಳಿದೆ.

"ಅಪ್ಪಯ್ಯಂಗಾ? ಛೆ, ಅವ್ರು ಒಂದು ಕಾಯಿ ತಪ್ಪಿ ಕಿತ್ತೋರಲ್ಲ" ಅಂದರು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ತುಂಬಾ ನಿಧಾನ. ಒಂದೊಂದು ಹಣ್ಣೂ ಹಿಚುಕಿ ನೋಡಿ ಕೀಳೋರು. ಆಳುಗಳೆಲ್ಲ ನಗೋರು" ಅಂದರು.

ತೋಟಕ್ಕಿಳಿದು ಒಂದು ಗಿಡದ ಮುಂದೆ ನಿಂತೆ. ಒಂದನ್ನು ಹಿಚುಕಿದೆ, ಗಟ್ಟಿ. ಬಿಟ್ಟೆ. ಪಕ್ಕದ್ದು ಮೆತ್ತಗಿತ್ತು.